ಮಾವನೆದುರು ಎತ್ತದ ತಲೆ

ಹಾರನಹಳ್ಳಿ,
ಪಿರಿಯಾಪಟ್ಟಣ ತಾಲ್ಲೂಕು,
೯-೧೨-೧೯೫೬

ನನ್ನ ಕಂದ ಬೆಟ್ಟಸ್ವಾಮಿಗೆ,

ಅಂಬಾಲದ ಚಳಿಗೆ ನಿನ್ನ ಕೆಮ್ಮು ಹೇಗಿದೆ? ನಿಮ್ಮ ಮಿಲಿಟರಿ ಪಟಾಲಮ್ಮಿನ ರೊಟ್ಟಿಯಾದರೂ ಹೊಟ್ಟೆ ತುಂಬ ತಿನ್ನುತ್ತಿದ್ದೀಯಾ? ಕಾಗದ ಬರೆಯುವುದು ಯಾವಾಗಲೂ ನಿಮ್ಮಪ್ಪನ ಕೆಲಸ. ಈ ಸಲ ಅವರಿಗೆ ಕೈ ಬರುತ್ತಿಲ್ಲ. ನನ್ನ ಕಾಗೆಕಾಲು ಗುಬ್ಬಿಕಾಲು ಅಕ್ಷರ ನೋಡಿ ನೀನೂ ಶಾಂತಳೂ ನಗುತ್ತಿದ್ದಿರಿ. ಈಗ ಒಬ್ಬನೇ ಓದಿಕೋ ಮಗಾ.

ತಂತಿ ಸೇರಿರಬೇಕು. ನಿನ್ನ ಹೆಂಡತಿ ಶಾಂತ ಹೋದಳೆಂದಷ್ಟೇ ಅದರಲ್ಲಿತ್ತು. ಹೇಗೆ ಹೋದಳೆಂಬುದನ್ನು ನಾನು ಹೇಳಬೇಕು. ಹೊಟ್ಟೆನೋವೆಂದು ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಕರುಳಿಗೆ ಗಂಟು ಬಿದ್ದಿದೆ, ಆಪರೇಷನ್ ಆಗಬೇಕೆಂದರು. ಕೊಯ್ಯುವಾಗ ಮೈ ಸಡಿಲವಾಗಲೆಂದು ಒಂದು ಮದ್ದು ಕೊಡುತ್ತಾರಂತೆ; ಮುಗಿದ ಮೇಲೆ ಅದನ್ನು ಇಳಿಸಲು ಇನ್ನೊಂದು ಸೂಜಿ. ಪೂರಾ ಇಳಿಯಿತೇ ಎಂದು ತಿಳಿಯಲು ತಲೆ ಎತ್ತಿ ಹಿಡಿಯಲು ಹೇಳುತ್ತಾರಂತೆ. ಇದೆಲ್ಲ ನಮಗೆ ಆಮೇಲೆ ತಿಳಿದದ್ದು. ಆಪರೇಷನ್ ಮುಗಿಸಿ, ಆ ಕೋಣೆಯ ಬಾಗಿಲಲ್ಲಿ ಮಂಚ ನಿಲ್ಲಿಸಿ ಡಾಕ್ಟರು, "ತಲೆ ಎತ್ತಮ್ಮ" ಎಂದರು. ಶಾಂತ ಕಣ್ಣು ಬಿಟ್ಟಿದ್ದಳು, ತಲೆ ಎತ್ತಲಿಲ್ಲ. ಪಕ್ಕದಲ್ಲೇ ನಿಂತಿದ್ದ ನಿಮ್ಮಪ್ಪ, "ನಮ್ಮ ಸೊಸೆ ನನ್ ಎದುರ್ಗೆ ಯಾವತ್ತೂ ತಲೆ ಎತ್ತಿದೋಳಲ್ಲ ಸ್ವಾಮಿ, ಈಗ ಎತ್ತಾಳಾ?" ಎಂದು ಹೆಮ್ಮೆಯಿಂದ ಹೇಳಿದರು. ಆ ಪುಣ್ಯಾತ್ಮನೂ ನಕ್ಕು ವಾರ್ಡಿಗೆ ಕಳಿಸಿಬಿಟ್ಟ. ಅವಳು ನನ್ನನ್ನೇ ನೋಡುತ್ತಿದ್ದಳು. ಮಾವನ ಮುಂದೆ ನಾಚಿಕೆಯೇನೋ ಎಂದು ನಾನೇ ಹೊದಿಕೆಯನ್ನು ತಲೆಯ ಮೇಲಕ್ಕೆ ಎಳೆದೆ.

ವಾರ್ಡಿನಲ್ಲಿ ತುಟಿ ನೀಲಿಗಟ್ಟಿತು. ಕೂಗಿಕೊಂಡೆ. ಓಡಿ ಬಂದು ರಬ್ಬರು ಚೀಲ ಒತ್ತಿ ಉಸಿರು ತುಂಬಿದರು, ಮತ್ತೆ ಸೂಜಿ ಚುಚ್ಚಿದರು. ಹೊತ್ತು ಮೀರಿತ್ತು. ತಲೆ ಎತ್ತಲಾಗದವಳಿಗೆ ಸರಿಯಾಗಿ ಉಸಿರೆಳೆಯುವ ಬಲವೂ ಬಂದಿರಲಿಲ್ಲವಂತೆ. ಅದನ್ನು ಕೇಳಿ ನನ್ನ ಎದೆ ಒಡೆದುಹೋಯಿತು ಕಂದಾ. ಹೊಲದ ಬದಿಯಲ್ಲಿ ಮಣ್ಣು ಮಾಡಿದ್ದೇವೆ. ನಿನಗಾಗಿ ಕಾಯಲಾಗಲಿಲ್ಲ, ಕ್ಷಮಿಸು.

ರಜೆ ಕೇಳಿಕೊಂಡು ಬೇಗ ಬಾ. ಶಿವ ನಿನ್ನನ್ನಾದರೂ ನನಗೆ ಉಳಿಸಲಿ.

ನಿನ್ನ ಅಮ್ಮ,
ಶಿವನಂಜಮ್ಮ

ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ, ಇದೊಂದು ಬರೆದುಬಿಡುತ್ತೇನೆ. ಬೆಳಿಗ್ಗೆ ನಿನ್ನ ತಮ್ಮನ ಹೆಂಡತಿ ಪುಟ್ಟಮಲ್ಲಿ ಎಂದಿನಂತೆ ತಲೆ ಬಗ್ಗಿಸಿಕೊಂಡು ನೀರು ತಂದಳು. ನಿಮ್ಮಪ್ಪ ಚೊಂಬು ಮುಟ್ಟಲಿಲ್ಲ. "ತಲೆ ಎತ್ತವ್ವಾ, ನನ್ ಮಗಳೇ, ಎತ್ತವ್ವಾ" ಎಂದು ಅತ್ತರು. ಅವಳು ಹೆದರಿ ಮುಖ ನೋಡುವವರೆಗೂ ಬಿಡಲಿಲ್ಲ. ನೀನು ಬಂದಾಗ ಬೈಯಬೇಕೆನಿಸಿದರೆ ಬೈದುಬಿಡು, ಮಾತು ಮಾತ್ರ ಬಿಡಬೇಡ. ಬಿಟ್ಟರೆ ಅವರು ಉಳಿಯುವುದಿಲ್ಲ.