ನಿಮ್ಮ ಪ್ರಶಸ್ತಿಯ ಒಳಗಿರುವುದು ನಮ್ಮಮ್ಮನ ಹತ್ತಿ

ವಿಮಾನ ನಿಲ್ದಾಣದ ಪರಿಸರ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ನಮ್ಮ ಬೀದಿಯಲ್ಲಿ ಶಬ್ದವೇ ಇಲ್ಲ ಎಂದು ತಾವು ವಾರ್ಷಿಕ ವರದಿಯಲ್ಲಿ ಬರೆದಿದ್ದೀರಿ. ಅದಕ್ಕೆ ತಮಗೊಂದು ಹಸಿರು ಪ್ರಶಸ್ತಿಯೂ ಬಂದಿದೆ. ಗಾಜಿನ ಫಲಕವನ್ನು ಎದೆಗವಚಿಕೊಂಡು ತಾವು ನಗುತ್ತಿರುವ ಫೋಟೋ ಪತ್ರಿಕೆಯಲ್ಲಿ ನೋಡಿದೆ. ಆ ಸುದ್ದಿಯನ್ನು ಮನೆಯವರಿಗೆ ಓದಿ ಹೇಳಲು ನನಗೆ ಮೂರು ವಿಮಾನಗಳಷ್ಟು ಹೊತ್ತು ಹಿಡಿಯಿತು. ಈಗ ನಮ್ಮಲ್ಲಿ ಹೊತ್ತನ್ನು ಅಳೆಯುವುದೇ ಹಾಗೆ. ಮೊಟ್ಟೆ ಬೇಯಲು ನಾಲ್ಕು ವಿಮಾನ ಬೇಕು, ಸ್ನಾನಕ್ಕೆ ಐದು.

ಮೂರು ವರ್ಷದ ಹಿಂದೆ ತಮ್ಮ ವಿಭಾಗದವರು ಬಂದು ನಮ್ಮ ತಾರಸಿಯ ಮೇಲೆ ಒಂದು ಪೆಟ್ಟಿಗೆ ಕೂರಿಸಿದರು. ಅದರ ನೆತ್ತಿಯಲ್ಲಿ ನಿಂಬೆಹಣ್ಣಿನ ಗಾತ್ರದ ಮೈಕು, ಹೊಟ್ಟೆಯ ಮೇಲೆ ಏಳು ಎಂಬ ಅಂಕಿ. ಅದು ವಿಮಾನದ ಸದ್ದನ್ನು ಕೇಳಿಸಿಕೊಂಡು ತಮ್ಮ ಕಚೇರಿಗೆ ಲೆಕ್ಕ ಕಳಿಸುತ್ತದೆ, ಆ ಲೆಕ್ಕ ನೋಡಿ ತಾವು ವಿಮಾನಗಳನ್ನು ನಾಲ್ಕು ಬಡಾವಣೆಗಳಿಗೆ ಸರದಿಯಲ್ಲಿ ಹಂಚುತ್ತೀರಿ ಎಂದು ವಿವರಿಸಿದರು. ನ್ಯಾಯವಾದ ಮಾತು. ಹತ್ತು ಹದಿನೈದು ನಿಮಿಷಕ್ಕೊಂದು ನಮ್ಮ ಪಾಲಿಗೆ ಬರುತ್ತಿತ್ತು. ಗೊಣಗಿಕೊಂಡು ಇದ್ದೆವು.

ಇನ್ನು ನಮ್ಮ ಮನೆಯ ದೋಷವನ್ನು ನಾನೇ ಒಪ್ಪಿಕೊಳ್ಳುತ್ತೇನೆ. ನಮ್ಮದು ಹಾಸಿಗೆ ಅಂಗಡಿ. ಹತ್ತಿ ತುಂಬುವುದು ನಾನು, ಹೊಲಿಯುವುದು ಅಮ್ಮ. ಅಮ್ಮನ ಕಣ್ಣಿಗೆ ಗವಸಿಲ್ಲದ ವಸ್ತು ಬಿದ್ದರೆ ಕೈ ಸುಮ್ಮನಿರುವುದಿಲ್ಲ. ರೇಡಿಯೋಗೆ ಗವಸು, ಮಿಕ್ಸಿಗೆ ಗವಸು, ಟಿವಿಗೆ ಗವಸು, ಟಿವಿ ರಿಮೋಟಿಗೆ ಬೇರೆ ಗವಸು. ಒಂದು ದಿನ ಮಳೆ ಬಂತೆಂದು ಒಣಹಾಕಿದ ಬಟ್ಟೆ ತರಲು ಮೇಲೆ ಹೋದವರು ಮುಖ ಸಣ್ಣ ಮಾಡಿಕೊಂಡು ಇಳಿದು ಬಂದರು.

"ಪಾಪ ಕಣೋ ಆ ಪೆಟ್ಟಿಗೆ, ಹೊರಗೆ ನಿಂತು ತೊಪ್ಪೆ ಆಗ್ತಿದೆ. ಹೀಗೆ ನೆಂದ್ರೆ ಅದಕ್ಕೆ ಏನು ಕೇಳಿಸುತ್ತೆ?"

ಸಂಜೆಯೊಳಗೆ ಗವಸು ಸಿದ್ಧವಾಯಿತು. ಮೂರು ಪದರ ಹತ್ತಿ, ಎರಡೆರಡು ಹೊಲಿಗೆ, ಮೇಲೆ ನೀರು ಇಳಿಯದ ಬಟ್ಟೆ, ಕಟ್ಟಲು ದಾರ. ನಾನು ನೋಡಿ ಭೇಷ್ ಎಂದೆ. ಹಾಸಿಗೆಯವನ ಬುದ್ಧಿ, ಅಂಚು ನೆಟ್ಟಗಿದೆಯೇ ಎಂದಷ್ಟೇ ನೋಡಿದೆ.

ಆದರೆ ಆರು ತಿಂಗಳಿಗೊಮ್ಮೆ ತಪಾಸಣೆಗೆ ಬರುವ ತಮ್ಮ ತಂತ್ರಜ್ಞರು ಹಾಸಿಗೆ ಹೊಲಿಯುವವರಲ್ಲವಷ್ಟೆ? ಅವರು ಗವಸನ್ನು ಎತ್ತಿ ನೋಡಿದರು, ತಟ್ಟಿ ನೋಡಿದರು. ಅಮ್ಮ ಹೆದರಿಕೊಂಡು "ತಪ್ಪಾಯ್ತೇನಪ್ಪಾ, ತೆಗೆದುಬಿಡ್ಲಾ?" ಎಂದು ಕೇಳಿದರು.

"ಅಯ್ಯೋ ಬೇಡಮ್ಮಾ! ಒಂದು ಹನಿ ನೀರು ಇಳಿದಿಲ್ಲ ನೋಡಿ. ಬೇರೆ ಕಡೆ ಎಲ್ಲಾ ಮಳೆಗಾಲ ಬಂದ್ರೆ ಮೈಕ್ ಹೋಗುತ್ತೆ. ಇಂಥವೇ ಇನ್ನು ಮೂರು ಹೊಲ್ಕೊಡ್ತೀರಾ?"

ಅಮ್ಮ ಉಬ್ಬಿಹೋದರು. ಉಳಿದ ಮೂರು ಬಡಾವಣೆಗಳಿಗೂ ಹೊಲಿದು ಕೊಟ್ಟರು. ಆದರೆ ಮನುಷ್ಯಸಹಜ ಪಕ್ಷಪಾತ ನೋಡಿ, ಅವಕ್ಕೆಲ್ಲ ಒಂದೊಂದೇ ಪದರ. ತಂತ್ರಜ್ಞರು ನಮ್ಮ ಗವಸಿನ ದಾರಕ್ಕೆ ಇಲಾಖೆಯ ಸೀಸದ ಮುದ್ರೆ ಒತ್ತಿ, 'ಉಪಕರಣ ಸುಸ್ಥಿತಿಯಲ್ಲಿದೆ' ಎಂದು ಬರೆದುಕೊಂಡು ಹೋದರು. ಮುದ್ರೆ ಒಡೆದವರಿಗೆ ಶಿಕ್ಷೆ ಎಂಬ ಚೀಟಿಯನ್ನೂ ಅಂಟಿಸಿದರು.

ಆಮೇಲಿನ ಕಥೆ ತಮ್ಮ ವರದಿಯಲ್ಲೇ ಇದೆ. ನಾಲ್ಕೂ ಕಡೆ ಸದ್ದು ಇಳಿಯಿತು. 'ವಿಭಾಗದ ದೂರದೃಷ್ಟಿಯ ಫಲ' ಎಂದು ತಾವು ಬರೆದಿರಿ. ನಮ್ಮ ಬೀದಿಯಲ್ಲಂತೂ ಸದ್ದು ನೆಲಕಚ್ಚಿದ್ದರಿಂದ, ಹಗಲಿನ ವಿಮಾನಗಳೆಲ್ಲ ಇನ್ನು ನಮ್ಮ ತಲೆಯ ಮೇಲೆಯೇ ಹೋಗಲಿ ಎಂದು ತೀರ್ಮಾನಿಸಿದಿರಿ. ಈಗ ಎರಡೂವರೆ ನಿಮಿಷಕ್ಕೊಂದು. ವಿಮಾನಗಳು ಅವೇ, ಎಂಜಿನ್ನುಗಳು ಅವೇ, ಸದ್ದು ಮಾತ್ರ ಎಲ್ಲಿ ಹೋಯಿತು ಎಂದು ತಮ್ಮ ಇಡೀ ಕಚೇರಿಯಲ್ಲಿ ಒಬ್ಬರಿಗೂ ಅನುಮಾನ ಬರಲಿಲ್ಲವೇ? ದೂರು ಬರೆದೆ. 'ತಮ್ಮ ಬೀದಿಯಲ್ಲಿ ಶಬ್ದ ದಾಖಲಾಗಿಲ್ಲವಾದ್ದರಿಂದ ತಾವು ಕೇಳಿಸಿಕೊಳ್ಳುತ್ತಿರುವುದನ್ನು ದೃಢೀಕರಿಸಲಾಗದು' ಎಂದು ಉತ್ತರ ಬಂತು. ಗವಸಿನ ವಿಷಯವನ್ನೇ ಬಿಚ್ಚಿ ಬರೆದೆ. 'ಸದರಿ ಗವಸು ನಮ್ಮ ದಾಸ್ತಾನು ಪಟ್ಟಿಯಲ್ಲಿ ಇರುವುದಿಲ್ಲ' ಎಂದು ಬಂತು. ಇಂಥ ಜಾಣಕಿವುಡನ್ನು ನಮ್ಮಮ್ಮ ಹತ್ತು ಪದರ ಹೊಲಿದರೂ ತರಲಾರರು.

ಇಷ್ಟೇ ಆಗಿದ್ದರೆ ನಗುತ್ತ ಇರುತ್ತಿದ್ದೆವು. ನಮ್ಮಪ್ಪ ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಅವರು "ಒಳಗೆ ನಡೀರಿ" ಎಂದರೆ ಬಸ್ಸಿನ ಹೊರಗಿದ್ದವರೂ ನಡೆಯುತ್ತಿದ್ದರಂತೆ. ಕಳೆದ ವರ್ಷ ಪಾರ್ಶ್ವವಾಯು ಬಡಿದು ಮಾತು ಬಿದ್ದುಹೋಯಿತು. ಈಗ ಒಂದೊಂದೇ ಪದವಾಗಿ ಮರಳುತ್ತಿದೆ. ಮಾತು ಕಲಿಸಲು ಬರುವ ಮೇಡಂ ಕಟ್ಟುನಿಟ್ಟಾಗಿ ಹೇಳಿದ್ದಾರೆ: "ಅವರ ಮಾತನ್ನ ನೀವು ಪೂರ್ತಿ ಮಾಡ್ಬೇಡಿ. ಎಷ್ಟೊತ್ತಾದ್ರೂ ಕಾಯ್ರಿ. ನಡುವೆ ತಪ್ಪಿಹೋದ್ರೆ ಅವರು ಮತ್ತೆ ಮೊದಲಿನಿಂದ ಶುರು ಮಾಡ್ಬೇಕು." ನಾಲ್ಕು ಪದದ ವಾಕ್ಯಕ್ಕೆ ಅಪ್ಪನಿಗೆ ಐದಾರು ನಿಮಿಷ ಬೇಕು. ನಾವು ಕಾಯಲು ಸಿದ್ಧರಿದ್ದೇವೆ, ವಿಮಾನ ಕಾಯುವುದಿಲ್ಲ. ಎರಡನೆಯ ಪದಕ್ಕೆ ಕಿಟಕಿಗಳು ನಡುಗುತ್ತವೆ, ಅಪ್ಪ ದಾರಿ ತಪ್ಪುತ್ತಾರೆ, ಮತ್ತೆ ಮೊದಲಿನಿಂದ ಶುರು. ಮೂರನೆಯ ಸಲಕ್ಕೆ ಕೈಬಿಡುತ್ತಾರೆ. ತಿಂಗಳಿಂದ ಅವರು ಒಂದು ಪೂರ್ತಿ ವಾಕ್ಯ ಆಡಿಲ್ಲ. "ನನ್ನ ಕೈಯಾರೆ ನಾನೇ ಅವರ ಬಾಯಿ ಕಟ್ಟಿದೆ" ಎಂದು ಅಮ್ಮ ಹೊಲಿಗೆ ಯಂತ್ರದ ಮುಂದೆ ಕೂತು ಕಣ್ಣೀರು ಹಾಕುತ್ತಾರೆ.

ಆದ್ದರಿಂದ ನನ್ನ ಬೇಡಿಕೆ. ತಾವೇ ಖುದ್ದಾಗಿ ಬಂದು ತಮ್ಮ ಮುದ್ರೆಯನ್ನು ಒಡೆಯಿರಿ, ನಾಲ್ಕೂ ಗವಸುಗಳನ್ನು ತೆಗೆಸಿ, ಹೊಸದಾಗಿ ಅಳೆಯಿರಿ. ಅಲ್ಲಿಯವರೆಗೆ ಹಳೆಯ ಸರದಿ ಜಾರಿಯಲ್ಲಿರಲಿ. ಫಲಕ ಬೇಕಾದರೆ ಇಟ್ಟುಕೊಳ್ಳಿ, ಅದಕ್ಕೂ ಅಮ್ಮ ಗವಸು ಹೊಲಿದು ಕೊಟ್ಟಾರು.

ಈ ಪತ್ರವನ್ನು ನಿನ್ನೆ ಬೆಳಗ್ಗೆ ವಿಮಾನಗಳ ನಡುವೆ ಬಿಡುವು ನೋಡಿಕೊಂಡು ಅಪ್ಪನಿಗೆ ಓದಿ ಹೇಳಿದೆ. ಪೂರ್ತಿ ಕೇಳಿದರು, ಅಮ್ಮನ ಕಡೆ ನೋಡಿ ನಕ್ಕರು. ಆಮೇಲೆ ಬೆರಳೆತ್ತಿ, "ಆ ಸಾಹೇಬ್ರಿಗೆ... ಹೇಳು... ನಾನು..." ಎಂದರು. ಅಷ್ಟರಲ್ಲಿ ಬಂತು. ಅದು ಹೋದ ಮೇಲೆ "ಏನಪ್ಪಾ, ಏನು ಹೇಳ್ಲಿ?" ಎಂದು ಕೇಳಿದೆ. ತಲೆಯಾಡಿಸಿ "ಬಿಡು" ಎಂದರು. ಈಚೆಗೆ ಅವರು ತಡವರಿಸದೆ ಆಡುವ ಒಂದೇ ಮಾತು ಅದು.

ಆ ವಾಕ್ಯ ತಮಗೆಂದೇ ಹೊರಟದ್ದು. ಅದರ ಮೊದಲರ್ಧವನ್ನು ಇಲ್ಲಿ ತಲುಪಿಸಿದ್ದೇನೆ. ಉಳಿದದ್ದನ್ನು ನಾನು ಪೂರ್ತಿ ಮಾಡುವಂತಿಲ್ಲ.

ಇಂತಿ,
ತಮ್ಮ ನಿಶ್ಶಬ್ದಕ್ಕೆ ಹತ್ತಿ ಒದಗಿಸಿದ ತಪ್ಪಿಗೆ ಅದರ ಕೆಳಗೇ ಕೂತಿರುವ
ಹಾಸಿಗೆ ಅಂಗಡಿಯವನು