ಮುಂದಿನ ಚಕ್ರದ ಕಾರೂ ಹಿಂದಿನ ಸೀಟಿನ ಧಣಿಯೂ

ಪ್ರೀತಿಯ ಸೋದರಮಾವನವರಿಗೆ,

ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಎಂಬ ಮೂರು ಪಟ್ಟಣಗಳ ಸಮಸ್ತ ಪ್ರಜೆಗಳ ಪರವಾಗಿ ತಮ್ಮ ಸನ್ನಿಧಾನಕ್ಕೆ ಅರಿಕೆ ಮಾಡಿಕೊಳ್ಳುವ ಮಹಾವಾರ್ತೆ ಏನೆಂದರೆ, ಇವತ್ತು ಬೆಳಿಗ್ಗೆ ನಿಮ್ಮ ಕಾರಿನ ಎಡಗಡೆಯ ವೈಪರ್ ಅಲ್ಲಾಡಿತು. ಒಮ್ಮೆ ಹೋಯಿತು, ಒಮ್ಮೆ ಬಂತು, ಆಮೇಲೆ ನಡುವಿನಲ್ಲಿ ನಿಂತು ಆಕಾಶ ನೋಡಿತು. ನೀವು ಹೋದ ಮೇಲೆ ಆ ಕಾರಿನ ಕಡೆಯಿಂದ ನನಗೆ ಬಂದ ಸಿಹಿಸುದ್ದಿ ಅಂತ ಇದ್ದರೆ ಇದೊಂದೇ. ಉಳಿದದ್ದೆಲ್ಲ ಹೇಸಿಗೆ.

ಅದನ್ನು ಅಳದಂಗಡಿಯ ಮನೆಗೆ ತಂದ ದಿನ ನಿಮಗೆ ನೆನಪುಂಟಾ? ಚಾರ್ಮಾಡಿಯ ಮೇಲಿನ ಕಾಫಿ ತೋಟದ ಬಿಳಿ ದೊರೆಗೆ ತೋಟ ಮಾರಿ ತನ್ನ ದೇಶಕ್ಕೆ ಹೋಗುವ ಅವಸರ, ನಿಮಗೆ ಹುಚ್ಚು ಹಿಡಿಸಿಕೊಳ್ಳುವ ಅವಸರ. ಉದ್ದ ಮೂತಿಯ, ನೆಲಕ್ಕೆ ಹೊಟ್ಟೆ ತಾಗುವಂಥ ಆ ಕಪ್ಪು ಫ್ರೆಂಚ್ ಕಾರನ್ನು ಅಂಗಳದಲ್ಲಿ ಕಂಡು ಅತ್ತೆ, “ಹೊಳೆಯಲ್ಲಿದ್ದ ಮೊಸಳೆಯನ್ನು ಯಾಕೆ ಹಿಡಿದು ತಂದಿರಿ?” ಅಂತ ಕೇಳಿದ್ದು! ನೀವು ಬಾನೆಟ್ ತಟ್ಟಿ ಭಾಷಣ ಶುರು ಮಾಡಿದಿರಿ. “ಆರು ಸಿಲಿಂಡರ್ ಉಂಟು! ಊರಿನ ಬೇರೆಲ್ಲ ಕಾರಿಗೆ ಹಿಂದಿನ ಚಕ್ರ ದೂಡುವುದು. ಇದಕ್ಕೆ ಮುಂದಿನ ಚಕ್ರ ಎಳೆಯುವುದು. ಎತ್ತನ್ನು ಯಾರಾದರೂ ಗಾಡಿಯ ಹಿಂದೆ ಕಟ್ಟುತ್ತಾರಾ ಮಾರಾಯ?” ಮರುವಾರದಿಂದ ಅತ್ತೆ ನಿಮ್ಮ ಪಕ್ಕದ ಸೀಟಿನಲ್ಲಿ. ಆಮೇಲೆ ಅವರು ಬಸ್ಸು ಹತ್ತಿದ್ದನ್ನು ನಾನು ಕಾಣಲಿಲ್ಲ. ನಿಮ್ಮ ಆ ಓಟಕ್ಕೆ ನೀವು ಕಾರಿನಲ್ಲೇ ಸಾಯುವುದು ಅಂತ ಊರೆಲ್ಲ ತೀರ್ಮಾನ ಮಾಡಿತ್ತು. ನೀವು ಯಾರ ಮಾತನ್ನೂ ಕೇಳದವರು, ಚಳಿಜ್ವರದಲ್ಲಿ ಹೋದಿರಿ.

ನಿಮ್ಮ ಉತ್ತರಕ್ರಿಯೆಯ ಬೊಜ್ಜ ಮುಗಿದ ಮರುದಿನ ಹಿರಿಯರು ಚಾವಡಿಯಲ್ಲಿ ಕೂತರು. ನಮ್ಮ ಅಳಿಯಕಟ್ಟು ನಿಮಗೆ ಗೊತ್ತಿಲ್ಲದ್ದಾ? ಸೋದರಮಾವನದ್ದು ಸೋದರಳಿಯನಿಗೆ. ಹೆಂಡತಿ ತನ್ನ ತವರಿಗೆ. ಮನೆಯ ಬೀಗದ ಕೈಯ ಜೊತೆ ಕಾರಿನದ್ದನ್ನೂ ನನ್ನ ಮಡಿಲಿಗೆ ಹಾಕಿದರು. ಅತ್ತೆ ಒಂದು ಟ್ರಂಕು ಹಿಡಿದು ತವರೂರು ತೋಡಾರಿಗೆ ಹೊರಟರು. ನಾನೇ ಬಿಟ್ಟು ಬರುತ್ತೇನೆ ಅಂತ ಹೋದರೆ ನಿಮ್ಮ ಮೊಸಳೆ ಕೆಮ್ಮಿತೇ ಹೊರತು ಆ ದಿನ ಸ್ಟಾರ್ಟ್ ಆಗಲಿಲ್ಲ. ಹತ್ತು ವರ್ಷ ಆ ಕಾರಿನಲ್ಲಿ ಕೂತವರು, ಅದರ ಎದುರಿನಿಂದಲೇ ನಡೆದು ಹೋಗಿ ಬಸ್ಸು ಹತ್ತಿದರು. ಹತ್ತುವ ಮೊದಲು ತಿರುಗಿ, “ಮಾರುವುದಾದರೆ ನನಗೊಂದು ಮಾತು ಹೇಳು” ಎಂದರು. ಅಷ್ಟೇ. ಬೇಕು ಅಂತ ಹೇಳಲಿಲ್ಲ. ಹೇಳಿದ್ದರೆ ಆ ಚಾವಡಿಯಲ್ಲಿ ಕೂತವರು...

ಅಲ್ಲಿಂದ ಶುರುವಾಯಿತು ನೋಡಿ ನನ್ನ ರಾಜಯೋಗ. ಪೆಟ್ರೋಲನ್ನು ಅದು ಮದುಮಗಳ ಕಡೆಯವರು ಪಾಯಸ ಕುಡಿದ ಹಾಗೆ ಕುಡಿಯುತ್ತದೆ. ಬಂಟ್ವಾಳದ ಮೆಕ್ಯಾನಿಕ್ ಅಡಿಗೆ ನುಸುಳಿ ಬಹಳ ಹೊತ್ತು ಹುಡುಕಿ, ಸಾವಿನ ಮನೆಯ ಮುಖ ಮಾಡಿಕೊಂಡು ಹೊರಗೆ ಬಂದ. “ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟನ್ನೇ ಯಾರೋ ಬಿಚ್ಚಿಕೊಂಡು ಹೋಗಿದ್ದಾರೆ! ಪೊಲೀಸ್ ಸ್ಟೇಷನ್ನಿಗೆ ಹೋಗುವ.” ಇದಕ್ಕೆ ಹುಟ್ಟಿನಿಂದಲೇ ಅದು ಇಲ್ಲ ಅಂತ ಹೇಳಿದರೆ, ಪಾಪ, ನನ್ನ ಭುಜ ತಟ್ಟಿ ಸಮಾಧಾನ ಮಾಡಿದ. ಶಾಫ್ಟ್ ಇಲ್ಲದ ಕಾರಿನ ಧಣಿ ಅಂತ ಪೇಟೆಯಲ್ಲಿ ನನಗೆ ಹೆಸರೇ ಬಿತ್ತು. ಥೂ, ಮಾರಿ ಕೈತೊಳೆದುಕೊಳ್ಳುವ ಅಂತ ತೀರ್ಮಾನ ಮಾಡಿದೆ. ನೀವಾದರೆ ಏನು ಮಾಡುತ್ತಿದ್ದಿರಿ? ಬೇಡ, ಹೇಳಬೇಡಿ.

ಗಿರಾಕಿಯಾಗಿ ಬಂದವ ಒಬ್ಬ ಅಕ್ಕಿಮಿಲ್ಲಿನ ಧಣಿ. ಕಾರು ನೋಡಲಿಕ್ಕೆ ಒಳಗೆ ಕೂತ, ಬಾಯಿ ತುಂಬ ಎಲೆಯಡಿಕೆ. ಕಿಟಕಿಯ ಗಾಜು ಇಳಿಸುವ ತಾಳ್ಮೆ ಇಲ್ಲದೆ ಬಾಗಿಲು ತೆರೆದು ಉಗುಳಿದ, ಅರ್ಧ ರಸ್ತೆಗೆ, ಅರ್ಧ ನಿಮ್ಮ ಸೀಟಿನ ಅಂಚಿಗೆ. ಆಮೇಲೆ ಹೆಬ್ಬೆರಳಿನಿಂದ ಒರೆಸಿ, ಆ ಹೆಬ್ಬೆರಳನ್ನು ಸೀಟಿನ ಅಡಿಗೇ ಉಜ್ಜಿದ. ಆದರೂ ಹಲ್ಲು ಕಚ್ಚಿ, ಅತ್ತೆಗೆ ಒಂದು ಮಾತು ಹೇಳಲಿಕ್ಕೆ ಅವನನ್ನೂ ಅವನ ಇಬ್ಬರು ಜನರನ್ನೂ ಕೂರಿಸಿಕೊಂಡು ತೋಡಾರಿಗೆ ಹೊರಟೆ.

ಅತ್ತೆಯ ತವರಿನ ಆ ಮಣ್ಣಿನ ಏರು, ಹಿಂದಿನ ದಿನ ಮಳೆ ಬಿದ್ದದ್ದು. ನಡುವಿಗೆ ಬರುವಾಗ ಮುಂದಿನ ಚಕ್ರ ಗಿರಗಿರ ತಿರುಗಿತು, ಕಾರು ಕದಲಲಿಲ್ಲ. ಗದ್ದೆಯಲ್ಲಿದ್ದವರು ಓಡಿ ಬಂದರು. ಹೂತ ಕಾರಿಗೆ ನಮ್ಮ ಊರಿನ ಔಷಧ ಒಂದೇ ಅಲ್ಲವಾ?

“ಹಿಂದೆ ಭಾರ ಹಾಕಿ! ಬಂಪರ್ ಮೇಲೆ ನಿಲ್ಲಿ!”

ನಿಂತರು. ಮಿಲ್ಲಿನ ಧಣಿ ಹಿಂದಿನ ಸೀಟಿನಲ್ಲಿ ಅಕ್ಕಿಮುಡಿಯ ಹಾಗೆ ಕೂತಲ್ಲೇ ಉಳಿದ. ಭಾರ ಏರಿದಷ್ಟೂ ಮೊಸಳೆಯ ಮೂತಿ ಮೇಲೆ, ಎಳೆಯುವ ಚಕ್ರಕ್ಕೆ ನೆಲವೇ ಸಿಗದು. ಪಕ್ಕದಲ್ಲಿ ದೂಡುತ್ತಿದ್ದವರ ಮುಖಕ್ಕೆಲ್ಲ ಕೆಸರು.

“ಇನ್ನೂ ನಾಲ್ಕು ಜನ ಹತ್ತಿ!” ಅಂತ ಒಬ್ಬ.

ಅಷ್ಟರಲ್ಲಿ ಮೇಲಿನಿಂದ ಅತ್ತೆಯ ದನಿ. “ಇಳಿಯಿರಿ ಎಲ್ಲ! ಜಾತ್ರೆಯಾ ಇದು? ಎತ್ತಿನ ಮೂಗು ಆಕಾಶಕ್ಕೆ ಎತ್ತಿದರೆ ಅದು ಎಳೆಯುವುದು ಹೇಗೆ?” ಕೊಡೆ ಊರಿಕೊಂಡು ಇಳಿದು ಬಂದವರು ನನ್ನ ಕಿಟಕಿಗೆ ಬಗ್ಗಿದರು. “ಕೆಳಗೆ ಹೋಗಿ ತಿರುಗಿಸು. ರಿವರ್ಸಿನಲ್ಲಿ ಹತ್ತಿಸು, ಭಾರ ಮೂತಿಯ ಕಡೆ ಬೀಳುತ್ತದೆ. ನಿನ್ನ ಮಾವ ಈ ಏರನ್ನು ಯಾವತ್ತಾದರೂ ಮೂತಿ ಮುಂದೆ ಮಾಡಿ ಹತ್ತಿದ್ದುಂಟಾ?”

ಹತ್ತಿತು, ಮಾವ. ಇಡೀ ತೋಡಾರು ನೋಡುತ್ತಿರುವಾಗ, ನಿಮ್ಮ ಘನ ಅಳಿಯ, ಕತ್ತು ಹಿಂದೆ ತಿರುಚಿಕೊಂಡು, ಹಿಂದೆ ಹಿಂದೆ ಮೆರವಣಿಗೆ ಹೋದ. ಇಂಥ ಮರ್ಯಾದೆ ಯಾವ ಅಳಿಯನಿಗೆ ಸಿಕ್ಕಿದೆ?

ಅಂಗಳದಲ್ಲಿ ಮಿಲ್ಲಿನ ಧಣಿ ಅತ್ತೆ ಕೊಟ್ಟ ಬೆಲ್ಲ ನೀರು ಕುಡಿದು ತೇಗಿದ. “ಎಂಜಿನ್‌ನಲ್ಲಿ ದಮ್ಮುಂಟು. ಬಿಚ್ಚಿ ಮಿಲ್ಲಿಗೆ ಕೂರಿಸ್ತೇನೆ. ಈ ಹೆಣ ಗುಜರಿಗೆ” ಎಂದವ ಕಾಲಿನಿಂದ ಬಾಗಿಲನ್ನು ದೂಡಿದ. ಅತ್ತೆ ಕೂರುತ್ತಿದ್ದ ಪಕ್ಕದ ಸೀಟಿನ ಬಾಗಿಲು. ಅತ್ತೆ ಹೋಗಿ ಆ ಬಾಗಿಲನ್ನು ಮೆಲ್ಲ ಹಾಕಿ, ಅವನ ಚಪ್ಪಲಿಯ ಕೆಸರನ್ನು ಸೆರಗಿನಲ್ಲಿ ಒರೆಸಿದರು.

“ಮಾರುವುದಿಲ್ಲ” ಎಂದೆ.

“ಎಂಥ? ಬಾಯಿಮಾತು ಆದದ್ದಲ್ಲವಾ?”

“ನಿಮ್ಮ ಬಾಯಿಗೆ ಮಾತಿಗಿಂತ ಮೊದಲು ನೀರು ಬೇಕು ಧಣಿ. ತೊಳೆದು ಬನ್ನಿ. ಬಸ್ಸು ಕೆಳಗೆ ಸಿಗುತ್ತದೆ.”

ಬೀಗದ ಕೈಯನ್ನು ಅತ್ತೆಯ ಕೈಗೆ ಕೊಟ್ಟು ನಾನೂ ಅದೇ ಬಸ್ಸಿನಲ್ಲಿ ಬಂದೆ, ಅವನ ಹಿಂದಿನ ಸೀಟಿನಲ್ಲಿ, ಕಿಟಕಿ ಮುಚ್ಚಿಕೊಂಡು. ಚಾವಡಿಯ ಹಿರಿಯರು ಕೆಂಡವಾದರು. “ಅಳಿಯನ ಸೊತ್ತು ಮಾವನ ಹೆಂಡತಿಯ ತವರಿಗೆ ಹೋಗುವುದಾ?” ಎಂದರು. “ಸೊತ್ತು ನನ್ನದು ಅಂತ ನೀವೇ ತೀರ್ಮಾನ ಮಾಡಿದ್ದಲ್ಲವಾ, ನನ್ನದನ್ನು ನಾನು ಕೊಟ್ಟೆ” ಎಂದೆ. ಈಗ ನನ್ನ ಕಂಡರೆ ಅವರೆಲ್ಲ ಬೇರೆ ಕಡೆ ನೋಡುತ್ತಾರೆ. ಬಹಳ ಹಿತವಾಗಿದೆ.

ಇನ್ನು ನೀವು ಕೇಳದ ಸುದ್ದಿ. ನೀವು ಸ್ಟಿಯರಿಂಗನ್ನು ಯಾರ ಕೈಗೂ ಕೊಟ್ಟವರಲ್ಲ. ಈ ಸಲ ಕೊಯ್ಲು ಆದ ಗದ್ದೆಯಲ್ಲಿ ಅತ್ತೆ ಅದನ್ನು ಹಿಡಿದರು. ಎರಡು ಬದು ಹೋಯಿತು, ಒಂದು ಬೈಹುಲ್ಲಿನ ಬಣವೆ ಹೋಯಿತು, ಲೈಸನ್ಸ್ ಬಂತು. ಈಗ ವಾರಕ್ಕೊಮ್ಮೆ ಮೂಡಬಿದಿರೆ ಪೇಟೆಗೆ ಅವರೇ ಓಡಿಸಿಕೊಂಡು ಹೋಗುತ್ತಾರೆ. ವೈಪರ್ ಅಲ್ಲಾಡಿದ್ದು ಹೇಗೆ ಗೊತ್ತಾಯಿತು ಅಂತ ಕೇಳಿದಿರಾ? ಪಕ್ಕದ ಸೀಟಿನಲ್ಲಿ, ಕಣ್ಣು ಅರ್ಧ ಮುಚ್ಚಿಕೊಂಡು ಕೂತವ ನಾನೇ.

ಒಂದು ಸಣ್ಣ ಉಪಕಾರ ಮಾಡಬೇಕು, ಮಾವ. ನೀವು ಕನಸಿನಲ್ಲಿ ಬರುತ್ತೀರಿ ಅಂತ ಅತ್ತೆ ಹೇಳುತ್ತಾರೆ. ಮುಂದಿನ ಸಲ ಬರುವಾಗ, ತೋಡಾರಿನ ತಿರುವಿನಲ್ಲಿ ಎರಡನೇ ಗೇರಿಗೆ ಇಳಿಸಲಿಕ್ಕೆ ಅವರಿಗೆ ಸ್ವಲ್ಪ ಹೇಳಿ. ನಾನು ಹೇಳಿದರೆ, “ನಿನ್ನ ಮಾವ ಮೂರರಲ್ಲೇ ಹೊಡೆಯುತ್ತಿದ್ದರು” ಎನ್ನುತ್ತಾರೆ.