ಫೋನ್ ಎತ್ತದ ಎಂಟು ತಿಂಗಳು

ಬಾಡ್‌ಹೂವೆಡಾರ್ಪ್
೯ ಜನವರಿ ೨೦೨೨, ಭಾನುವಾರ

ಪ್ರೀತಿಯ ದಿವಾಕರನಿಗೆ,

ಸಲಾಮು, ನಮಸ್ಕಾರ ಎರಡನ್ನೂ ಸ್ವೀಕರಿಸು. ಹೈಸ್ಕೂಲಿನಿಂದಲೂ ನಾವು ಎರಡನ್ನೂ ಹೇಳಿಕೊಂಡೇ ಬಂದವರು.

ನವೆಂಬರ್ ಎರಡರ ಮುದ್ರೆ ಬಿದ್ದ ನಿನ್ನ ಕಾಗದ ಡಿಸೆಂಬರ್ ಮೂರನೇ ವಾರದಲ್ಲಿ ಕೈಸೇರಿತು. ಏಳು ವಾರ! ಮೂವತ್ತೊಂದು ವರ್ಷ ಅಂಚೆ ಇಲಾಖೆಯಲ್ಲಿ ದುಡಿದವನು ನೀನು, ಇದನ್ನು ಕೇಳಿ ಖಂಡಿತ ವಿಮಾನಗಳಿಗೆ ಬೈಯುತ್ತೀಯ. ಆದರೆ ಆಮೇಲಿನ ಮೂರು ವಾರದ ತಡಕ್ಕೆ ವಿಮಾನವೂ ಕಾರಣವಲ್ಲ, ಅಂಚೆಯೂ ಅಲ್ಲ. ನಾನೇ. ಐದು ಸಲ ಬರೆಯಲು ಕೂತು ಎದ್ದಿದ್ದೇನೆ. ಕ್ಷಮಿಸು.

ಇಲ್ಲಿ ಡಚ್ಚರ ನಾಡಿನಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ಕ್ರಿಸ್‌ಮಸ್‌ಗೆ ಮುಂಚೆ ಮತ್ತೆ ಎಲ್ಲ ಮುಚ್ಚಿದರು. ಕ್ಷೌರದಂಗಡಿಯೂ ಇಲ್ಲ, ನನ್ನ ಕೂದಲು ಕಿವಿ ದಾಟಿ ಇಳಿದಿದೆ. ಅಲೀಝಾಗೆ ನಾಳೆಯಿಂದ ಶಾಲೆ ತೆರೆಯುತ್ತದೆ. ಹದಿನಾರು ವರ್ಷದ ಹುಡುಗಿ ಶಾಲೆಗೆ ಹೋಗಲು ಕುಣಿಯುವುದನ್ನು ಈ ಕಾಲದಲ್ಲೇ ನೋಡಬೇಕು. ಫಹ್ಮಿದಾ ಹಿತ್ತಲ ಕಿಟಕಿಯಲ್ಲಿ ಕೊತ್ತಂಬರಿ ಬೆಳೆಸಿದ್ದಾಳೆ. ನಾಲ್ಕು ಎಳೆ ಬಂದಿದೆ, ಕೀಳಲು ಯಾರಿಗೂ ಮನಸ್ಸಿಲ್ಲ.

ಸರಿ, ವಿಷಯಕ್ಕೆ ಬರುತ್ತೇನೆ. ನೀನು ಬರೆದ ಸಾಲುಗಳನ್ನು ಇಲ್ಲೇ ಎತ್ತಿ ಬರೆಯುತ್ತೇನೆ, ನಾನು ತಪ್ಪಿಸಿಕೊಳ್ಳಲು ಆಗದ ಹಾಗೆ: “ಆರು ತಿಂಗಳಾಯಿತು, ನೀನು ನನ್ನ ಫೋನ್ ಎತ್ತಿಲ್ಲ. ಹೈಸ್ಕೂಲಿನವರ ವಾಟ್ಸಾಪ್ ಗ್ರೂಪ್ ಬಿಟ್ಟೆ. ಆಪಾನ ಗೋರಿಗೆ ನಾನು ಮಣ್ಣು ಹಾಕಿದ್ದು ತಪ್ಪಾಯಿತೇನೋ? ನಿಮ್ಮವರು ಯಾರಾದರೂ ಏನಾದರೂ ಅಂದರಾ? ತಪ್ಪಾಗಿದ್ದರೆ ಬಾಯಿಬಿಟ್ಟು ಬೈದುಬಿಡು. ಹೀಗೆ ಸುಮ್ಮನಿರಬೇಡ.”

ಈಗ ಎಂಟು ತಿಂಗಳು. ನಿನ್ನ ಪ್ರಭಾ ಫಹ್ಮಿದಾಗೆ ಕಳಿಸಿದ ಮಾತನ್ನೂ ಕೇಳಿದೆ. “ಅತ್ತಿಗೆ, ಏಜಾಜಣ್ಣನ್ನ ಒಂದೇ ಒಂದ್ಸಲ ಮಾತಾಡೋಕೆ ಹೇಳಿ. ಇವರು ಊಟ ಮಾಡ್ತಾ ಮಾಡ್ತಾ ಕೈ ನೋಡ್ಕೊಂಡು ಕೂತ್ಕೋತಾರೆ.” ಅಷ್ಟೇ ಇತ್ತು. ಫಹ್ಮಿದಾ ಅದನ್ನು ನನಗೆ ಎರಡು ಸಲ ಕೇಳಿಸಿದಳು, ಬೇಕೆಂದೇ.

ದಿವಾಕರ, ನಿನ್ನಿಂದ ಯಾವ ತಪ್ಪೂ ಆಗಿಲ್ಲ. ಯಾರೂ ಏನೂ ಅಂದಿಲ್ಲ. ಅನ್ನುವ ಬಾಯಿ ಯಾರಿಗಿದೆ? ನನ್ನ ಅಕ್ಕ ಆಪಾನಿಗೆ ಆಸ್ಪತ್ರೆಯಲ್ಲಿ ಹಾಸಿಗೆ ಸಿಗದೆ ಒಂದು ಆಟೋದಲ್ಲಿ ಮೂರು ಆಸ್ಪತ್ರೆ ಸುತ್ತಿಸಿದವನು ನೀನು. ಅವರ ಮಗ ವಸೀಂ ತುಮಕೂರಿನಲ್ಲಿ ಆಕ್ಸಿಜನ್ ಮೇಲೆ ಮಲಗಿದ್ದ. ಒಬ್ಬನೇ ತಮ್ಮನಾದ ನಾನು ವಿಮಾನ ನಿಂತ ದೇಶದಲ್ಲಿ ಕೂತಿದ್ದೆ. ಐದೇ ಜನಕ್ಕೆ ಅವಕಾಶ ಅಂದಾಗ ಮೌಲ್ವಿ ಸಾಹೇಬರು, ಮೂವರು ಸ್ವಯಂಸೇವಕರು, ಐದನೆಯವನು ನೀನು. ಮೇ ತಿಂಗಳ ಬಿಸಿಲಲ್ಲಿ ಆ ಪ್ಲಾಸ್ಟಿಕ್ ಅಂಗಿ ತೊಟ್ಟು, ಮುಕ್ಕಾಲು ಗಂಟೆ ಫೋನನ್ನು ಎತ್ತಿ ಹಿಡಿದು ನನಗೆ ಎಲ್ಲ ತೋರಿಸಿದೆ. ನಮ್ಮಲ್ಲಿ ಮಣ್ಣಿಗೆ ಬಂದವರೆಲ್ಲ ಮೂರು ಮೂರು ಹಿಡಿ ಮಣ್ಣು ಹಾಕುತ್ತಾರೆ. ನನ್ನ ಪಾಲಿನ ಮೂರು ಹಿಡಿಯನ್ನು ನೀನು ಹಾಕಿದೆ. ವಸೀಂ ಈಗಲೂ ನಿನ್ನ ಹೆಸರೆತ್ತಿದರೆ ಮೊದಲು ನಿನಗೆ ಒಳ್ಳೆಯದನ್ನು ಹಾರೈಸಿಯೇ ಮಾತು ಮುಂದುವರಿಸುತ್ತಾನೆ. ಅಮ್ಮಿ ತೀರಿಕೊಂಡ ಮೇಲೆ ನನ್ನನ್ನು ಸಾಕಿದ ಆಪಾ ನಿನ್ನನ್ನು ‘ದಿವ್ವೂ’ ಅನ್ನುತ್ತಿದ್ದರು, ನನ್ನ ತಟ್ಟೆಯ ಪಕ್ಕ ನಿನಗೂ ತಟ್ಟೆ ಇಡುತ್ತಿದ್ದರು. ಆ ಮಣ್ಣಿನ ಹಕ್ಕು ನಿನಗೆ ನನ್ನಷ್ಟೇ ಇತ್ತು. ಇದನ್ನು ಬರೆದು, ಸಹಿ ಹಾಕಿ ಕೊಡುತ್ತಿದ್ದೇನೆ. ಯಾರಾದರೂ ಕೇಳಿದರೆ ತೋರಿಸು.

ಹಾಗಾದರೆ ಫೋನ್ ಯಾಕೆ ಎತ್ತಲಿಲ್ಲ? ಯಾಕೆಂದರೆ ಫೋನ್ ನನ್ನ ಹತ್ತಿರ ಇರುವುದೇ ಇಲ್ಲ.

ಜೂನ್‌ನಲ್ಲಿ ನನಗೆ ಕಣ್ಣುರಿ, ಹೆಬ್ಬೆರಳ ನೋವು, ನಿದ್ದೆಯಿಲ್ಲ. ಇಲ್ಲಿನ ವೈದ್ಯೆ ಮಾತ್ರೆ ಬರೆಯದೆ “ದಿನಕ್ಕೆ ಎಷ್ಟು ಹೊತ್ತು ಪರದೆ ನೋಡುತ್ತೀರಿ?” ಎಂದು ಕೇಳಿದಳು. ಫೋನೇ ಲೆಕ್ಕ ಇಟ್ಟಿತ್ತು, ತೋರಿಸಿದೆ: ಆಫೀಸಿನ ಕೆಲಸ ಬಿಟ್ಟು ಆರು ಗಂಟೆ ನಲವತ್ತು ನಿಮಿಷ. ಅವಳು ಹುಬ್ಬನ್ನಷ್ಟೇ ಎತ್ತಿದಳು. ಡಚ್ಚರ ಹುಬ್ಬು ನಮ್ಮ ಹೆಡ್‌ಮಾಸ್ಟರ ಬೆತ್ತಕ್ಕೆ ಸಮ.

ಆಫೀಸಿನವರು ಒಂದು ತರಗತಿಗೆ ಸೇರಿಸಿದರು. ಪರದೆ ಕಡಿಮೆ ಮಾಡುವ ಪಾಠವನ್ನು ಪರದೆಯಲ್ಲೇ ಹೇಳುತ್ತಾರೆ, ನಗಬೇಡ. ಮರೈಕೆ ಎಂಬ ಹೆಂಗಸು ಹತ್ತು ವಾರ ಕಲಿಸಿದಳು. ದೊಡ್ಡ ಪ್ರತಿಜ್ಞೆ ಮಾಡಬೇಡಿ, ಸಣ್ಣ ಅಭ್ಯಾಸ ಹಿಡಿಯಿರಿ. ತಿನ್ನುವಾಗ ತಿನ್ನಿ, ನಡೆಯುವಾಗ ನಡೆಯಿರಿ. ಕೈ ತಾನಾಗಿ ಫೋನಿನ ಕಡೆ ಹೋದಾಗ, ಹೋಗುತ್ತಿದೆ ಎಂದು ಗಮನಿಸಿ. ಮೊದಲ ದಿನ ನನಗೆ ಸಿಟ್ಟು ಬಂತು. ಇದನ್ನು ಹೊಸ ವಿದ್ಯೆ ಅಂತ ಮಾರುತ್ತಿದ್ದಾರಲ್ಲ, ದಿನಕ್ಕೆ ಐದು ಸಲ ಕೈಕಾಲು ತೊಳೆದು ಚಾಪೆಯ ಮೇಲೆ ನಿಲ್ಲುತ್ತಿದ್ದ ನಮ್ಮಪ್ಪ ಮಾಡುತ್ತಿದ್ದುದು ಮತ್ತೇನು ಎಂದು. ಆಮೇಲೆ ಅನ್ನಿಸಿತು, ನಮ್ಮಪ್ಪ ಮಾಡುತ್ತಿದ್ದರು ಸರಿ, ನಾನು ಮಾಡುತ್ತಿದ್ದೆನೇ? ನಾನು ನಮಾಜಿಗೆ ನಿಂತಾಗಲೂ ಜೇಬಿನಲ್ಲಿ ಅದು ನಡುಗಿದರೆ ಮನಸ್ಸು ಜೇಬಿಗೆ ಇಳಿಯುತ್ತಿತ್ತು.

ಬಾಗಿಲ ಪಕ್ಕ ಕರೆಂಟಿನ ಮೀಟರು ಇಡುವ ಸಣ್ಣ ಬೀರು ಇದೆ, ಮೀಟರ್‌ಕಾಸ್ಟ್ ಅನ್ನುತ್ತಾರೆ. ಆಫೀಸು ಮುಗಿದ ಕೂಡಲೇ ಫೋನು ಅದರೊಳಗೆ, ಕೊಡೆ ಮತ್ತು ಬೂಟ್ ಪಾಲಿಶ್ ಜೊತೆ. ಫಹ್ಮಿದಾ ಮೊದಲ ದಿನ ನಕ್ಕು “ಕ್ಯಾಜೀ, ಫೋನ್ ಕೂ ದಫನ್ ಕರ್‌ದಿಯೇ?” ಅಂದಳು. ಫೋನನ್ನು ಹೂತುಬಿಟ್ಟಿರಾ ಎಂದು. ಅಂದವಳು ನಾಲಿಗೆ ಕಚ್ಚಿಕೊಂಡಳು. ಆಪಾ ಹೋಗಿ ಆಗ ಒಂದೂವರೆ ತಿಂಗಳು. ಇಬ್ಬರೂ ಬೀರುವಿನ ಬಾಗಿಲನ್ನೇ ನೋಡುತ್ತ ನಿಂತೆವು.

ಅಲೀಝಾಳ ಫೋನನ್ನೂ ಒಳಗಿಡಲು ಹೋದೆ. “ಪಪ್ಪಾ, ಡೂ ನಾರ್ಮಾಲ್!” ಅಂದಳು. ನೆಟ್ಟಗಿರು ಅಂತ ಈ ದೇಶದವರು ಬೈಯುವ ಮಾತು. “ಇಟ್ಸ್ ಯುವರ್ ಡಿಸಿಪ್ಲಿನ್. ನಾನ್ ಯಾಕೆ ಜೈಲಿಗೆ ಹೋಗ್ಲಿ?” ಎಂದು ಬಾಗಿಲು ಹಾಕಿಕೊಂಡಳು. ಸರಿಯೇ. ಶಿಸ್ತು ಅನ್ನುವುದನ್ನು ಇನ್ನೊಬ್ಬರ ಮೇಲೆ ಹೇರಿದ ತಕ್ಷಣ ಅದು ಶಿಸ್ತಲ್ಲ, ಪೊಲೀಸು.

ಮೊದಲ ವಾರ ನಾನು ಮಾಡಿದ ಕಳ್ಳತನ ಕೇಳು. ಬೂಟಿಗೆ ಪಾಲಿಶ್ ಹಾಕುವ ನೆಪದಲ್ಲಿ ಬೀರು ತೆಗೆದು ಹದಿನೈದು ನಿಮಿಷ ಸುದ್ದಿ ಓದಿದೆ. ಎಲ್ಲಿಗೂ ಹೋಗದ ವರ್ಷದಲ್ಲಿ ನನ್ನ ಬೂಟುಗಳು ಕನ್ನಡಿಯಂತೆ ಹೊಳೆದವು! “ಯಾರ ಮದುವೆ?” ಎಂದು ಫಹ್ಮಿದಾ ಕೇಳಿದಳು. ನಿಧಾನಕ್ಕೆ ಕಡಿಮೆಯಾಯಿತು. ಈಗ ಬೆಳಿಗ್ಗೆ ಒಂದು ಗಂಟೆ ಕಾಲುವೆ ಪಕ್ಕ ಬರಿಗೈಯಲ್ಲಿ ನಡೆಯುತ್ತೇನೆ. ನೀರಲ್ಲೊಂದು ಕರಿ ಹಕ್ಕಿ, ಹಣೆ ಮಾತ್ರ ಬಿಳಿ, ಯಾರೋ ಬಿಸಾಕಿದ ನೀಲಿ ಮಾಸ್ಕನ್ನು ಗೂಡಿಗೆ ಹೆಣೆದುಕೊಂಡಿತ್ತು. ಫೋಟೋ ತೆಗೆಯಲು ಏನೂ ಇರಲಿಲ್ಲ. ಸುಮ್ಮನೆ ನೋಡಿದೆ. ಸಂಜೆ ಒಂದು ಪುಸ್ತಕ, ನಂತರ ನೋಟ್‌ಬುಕ್ಕಿನಲ್ಲಿ ಅರ್ಧ ಪುಟ. ಆರು ಗಂಟೆ ನಲವತ್ತು ನಿಮಿಷ ಈಗ ಐವತ್ತು ನಿಮಿಷಕ್ಕೆ ಇಳಿದಿದೆ.

ಮರೈಕೆಗೆ ನಾನು ಹೆಮ್ಮೆಯ ವಿದ್ಯಾರ್ಥಿ. ಕೊನೆಯ ಪಾಠದಲ್ಲಿ ಎಲ್ಲರ ಮುಂದೆ ಕೇಳಿದಳು: “ಏಜಾಜ್, ನೀವು ಬದಲಾಗಲೇಬೇಕು ಎಂದು ಯಾವ ಗಳಿಗೆಯಲ್ಲಿ ಅನ್ನಿಸಿತು?” ಕಣ್ಣುರಿ ತಡೆಯಲಾಗಲಿಲ್ಲ ಅಂದೆ.

ನಿನಗೆ ನೆನಪಿದೆಯಲ್ಲ, ಎಮರ್ಜೆನ್ಸಿಯ ದಿನಗಳಲ್ಲಿ ಪುರಸಭೆಯ ವಾಚನಾಲಯಕ್ಕೆ ಬರುತ್ತಿದ್ದ ಒಂದೇ ಪತ್ರಿಕೆಯನ್ನು ಆಪಾ ನಮ್ಮಿಬ್ಬರಿಗೂ ಓದಿಸುತ್ತಿದ್ದರು. ಒಂದು ದಿನ ಅದರಲ್ಲಿ ಒಂದು ಕಾಲಂ ಖಾಲಿ ಇತ್ತು. “ಇಲ್ಲೇನಿತ್ತು, ಊಹೆ ಮಾಡ್ರೋ” ಅಂದರು. ನೀನು “ಸಿನಿಮಾ ಜಾಹೀರಾತು” ಅಂದೆ, ತಲೆಗೊಂದು ಬಿತ್ತು. ಖಾಲಿ ಜಾಗದಲ್ಲಿ ಒಂದು ಮರ್ಯಾದೆ ಇತ್ತು ಕಣೋ. ಇಲ್ಲಿ ನಿಜ ಹೇಳಲು ಬಿಡಲಿಲ್ಲ ಎಂದಾದರೂ ಅದು ಹೇಳುತ್ತಿತ್ತು. ಈಗ ಖಾಲಿ ಜಾಗವೇ ಇಲ್ಲ. ಎಲ್ಲಿ ಬೆರಳಿಟ್ಟರೂ ಸುಳ್ಳು ಉಕ್ಕುತ್ತದೆ. ರೋಗ ತಂದವರು ಇಂಥವರು, ಹರಡಿದವರು ಇಂಥವರು ಎಂದು, ನಮ್ಮ ಜೊತೆ ಒಂದೇ ಬೆಂಚಿನಲ್ಲಿ ಕೂತವರೇ ಕಳಿಸುತ್ತಾರೆ, ಕೆಳಗೆ ಶುಭೋದಯ ಎಂದು ಹೂವಿನ ಚಿತ್ರ ಹಾಕುತ್ತಾರೆ. ನಾನು ಪ್ರತಿಯೊಂದಕ್ಕೂ ತಾರೀಖು ಹಿಡಿದು ಉತ್ತರ ಕೊಡುತ್ತಿದ್ದೆ. ಗ್ರೂಪಿನಲ್ಲಿ ನನಗೆ ‘ಗೆಜೆಟ್’ ಎಂದು ಹೆಸರಿಟ್ಟವನು ನೀನೇ. “ಬಿಡೋ ಗೆಜೆಟ್ಟೂ, ಇವತ್ತು ಒಬ್ಬನ್ನ ತಿದ್ದಿದ್ರೆ ನಾಳೆ ಹತ್ತು ಜನ ಹುಟ್ಕೋತಾರೆ” ಅನ್ನುತ್ತಿದ್ದೆ. ಬಿಡಲಾಗುತ್ತಿರಲಿಲ್ಲ. ಸುಳ್ಳಿನ ಎದುರು ಸುಮ್ಮನಿರುವುದೂ ಸುಳ್ಳೇ ಎಂದು ನಂಬಿದ್ದೆ, ಈಗಲೂ ನಂಬುತ್ತೇನೆ. ಗ್ರೂಪ್ ಬಿಟ್ಟದ್ದು ನಮ್ಮ ಕ್ಲಾಸಿನ ಶ್ರೀಪಾದನ ಮೇಲಿನ ಕೋಪಕ್ಕೆ ಎಂದು ನೀವೆಲ್ಲ ತಿಳಿದಿದ್ದೀರಂತೆ. ಅವನು ಕಳಿಸಿದ್ದಕ್ಕೆ ನಾನು ಉತ್ತರ ಕೊಟ್ಟೆ, ಅವನು ಅಳಿಸಿ ಕ್ಷಮೆ ಕೇಳಿದ. ಅವನ ಮೇಲೆ ನನಗೀಗ ಏನೂ ಇಲ್ಲ ಎಂದು ಹೇಳು.

ಇಷ್ಟು ಬರೆಯಲು ಮಧ್ಯಾಹ್ನದ ಬೆಳಕೆಲ್ಲ ಹೋಯಿತು. ಬೀದಿ ತುದಿಯ ಅಂಚೆ ಡಬ್ಬಕ್ಕೆ ಎರಡು ಬಾಯಿ: ಒಂದು ಸುತ್ತಲಿನ ಊರುಗಳಿಗೆ, ಇನ್ನೊಂದು ‘ಉಳಿದ’ ಊರುಗಳಿಗೆ. ನಮ್ಮೂರು ಶಿರಾ ಉಳಿದದ್ದರಲ್ಲಿ ಬರುತ್ತದೆ.

ಪ್ರಭಾಳಿಗೆ ನನ್ನ ನಮಸ್ಕಾರ ತಿಳಿಸು. ಊಟಕ್ಕೆ ಕೂತಾಗ ಕೈ ನೋಡಿಕೊಳ್ಳಬೇಡ, ಉಣ್ಣು. ನಿನ್ನ ಮಗಳಿಗೂ ಮೊಮ್ಮಗುವಿಗೂ ಆಪಾ ಇದ್ದಿದ್ದರೆ ಹೇಗೆ ತಲೆ ಮೇಲೆ ಕೈಯಿಟ್ಟು ಹರಸುತ್ತಿದ್ದರೋ ಹಾಗೆ ನಾನೂ ಹರಸುತ್ತೇನೆ. ಮಾಸ್ಕ್ ಬಿಡಬೇಡ, ಮೂರನೆಯ ಅಲೆ ಅನ್ನುತ್ತಿದ್ದಾರೆ.

ನಿನ್ನ,
ಏಜಾಜ್

ತಾ. ಕ.: ಲಕೋಟೆ ಅಂಟಿಸಿದ್ದೆ. ಒಡೆದು ಮತ್ತೆ ಬರೆಯುತ್ತಿದ್ದೇನೆ. ಮೇಲೆ ಬರೆದದ್ದರಲ್ಲಿ ಸುಳ್ಳಿಲ್ಲ, ಆದರೆ ಒಂದು ಕಾಲಂ ಖಾಲಿ ಬಿಟ್ಟಿದ್ದೇನೆ.

ಮೇ ಹದಿನೆಂಟು, ನಿಮ್ಮಲ್ಲಿ ನಾಲ್ಕು ಗಂಟೆ, ಇಲ್ಲಿ ಹನ್ನೆರಡೂವರೆ. ನೀನು ಫೋನ್ ಎತ್ತಿ ಹಿಡಿದಿದ್ದೆ. ಆಪಾನನ್ನು ಒಳಗಿಳಿಸಿದ್ದು ನೋಡಿದೆ. ಮಣ್ಣು ಹಾಕುವ ಮುಂಚೆ ಅವರ ಮೇಲೆ ಹಲಗೆ ಜೋಡಿಸುವುದನ್ನೂ ನೋಡಿದೆ. ಫಹ್ಮಿದಾ ಪಕ್ಕದಲ್ಲಿ ಕಣ್ಣು ಮುಚ್ಚಿ ಪ್ರಾರ್ಥನೆ ಹೇಳಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಪರದೆಯ ಮೇಲೆ ಗ್ರೂಪಿನಿಂದ ಶ್ರೀಪಾದನ ಫೋಟೋ ಇಳಿಯಿತು. ಗೋರಿಸ್ಥಾನದಲ್ಲಿ ಕಿಕ್ಕಿರಿದ ಜನ, ಕೆಳಗೆ “ನಿಯಮ ನಮಗೆ ಮಾತ್ರ, ಇವರಿಗಿಲ್ಲ.” ಆ ಫೋಟೋ ಏಳು ವರ್ಷ ಹಳೆಯದು, ಬೇರೆ ದೇಶದ್ದು. ನನಗೆ ನೆನಪಿತ್ತು. ನನ್ನ ಬೆರಳು ಹೋಯಿತು. ನಾನು ಹೋಗು ಅನ್ನಲಿಲ್ಲ ದಿವಾಕರ, ಅದೇ ಹೋಯಿತು. ನೀನೂ ಆಪಾನೂ ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ಚೌಕವಾದಿರಿ. ಮೂಲ ಫೋಟೋ ಹುಡುಕಿದೆ, ತಾರೀಖು ಹುಡುಕಿದೆ, ಹಾಕಿದೆ. ಸಾಲದೆಂದು ಕೆಳಗೆ ಬರೆದೆ: “ನನ್ನ ಅಕ್ಕನ ಮಣ್ಣು ಈ ಗಳಿಗೆಯಲ್ಲಿ ನಡೆಯುತ್ತಿದೆ. ಐದೇ ಜನ. ಎಣಿಸಿಕೊಳ್ಳಿ.” ಶ್ರೀಪಾದ ಅಳಿಸಿದ. ಮೂವತ್ತು ಜನ ಕೈಮುಗಿದ ಚಿತ್ರ ಹಾಕಿದರು. ನಾನು ಗೆದ್ದೆ. ಒಬ್ಬೊಬ್ಬರ ಕೈಮುಗಿತವನ್ನೂ ನೋಡುತ್ತ ಕೂತೆ. ಚೌಕವನ್ನು ಮತ್ತೆ ದೊಡ್ಡದು ಮಾಡಿದಾಗ ಮಣ್ಣು ಮುಗಿದು ಮೇಲೆ ನೀರು ಚಿಮುಕಿಸುತ್ತಿದ್ದರು.

ನೀನು ಕಾಗದದಲ್ಲಿ ಇನ್ನೊಂದು ಸಾಲು ಬರೆದಿದ್ದೀಯ, ಅದನ್ನು ಮೇಲೆ ಎತ್ತಿ ಬರೆಯಲು ನನ್ನ ಕೈಲಾಗಲಿಲ್ಲ: “ನಿನ್ನನ್ನು ಕೇಳಿಯೇ ಹಾಕಿದೆ, ಏಜಾಜ್. ‘ನಿನ್ನ ಪಾಲಿನದು ಹಾಕ್ತಿದ್ದೀನಿ, ನೋಡ್ತಿದ್ದೀಯಾ’ ಅಂದೆ. ನೀನು ಹೂಂ ಅಂದೆ.”

ನಾನು ಹೂಂ ಅಂದದ್ದು ನನಗೆ ಗೊತ್ತೇ ಇಲ್ಲ. ನೀನು ಕೇಳಿದ್ದೂ ಕೇಳಿಸಲಿಲ್ಲ. ನೋಡಲಿಲ್ಲ ಕಣೋ. ಒಂದು ಹಿಡಿಯನ್ನೂ ನೋಡಲಿಲ್ಲ.

ಪರದೆಯಲ್ಲಿ ನಿನ್ನ ಮುಖ ಬಂದರೆ ಇದನ್ನು ಹೇಳಬೇಕಾಗುತ್ತದೆ ಎಂದು ಎಂಟು ತಿಂಗಳು ತಪ್ಪಿಸಿಕೊಂಡೆ, ಬೀರುವಿನ ಬಾಗಿಲನ್ನೂ ಹಾಕಿಕೊಂಡೆ. ಅದಕ್ಕೆ ಇಲ್ಲಿನವರು ಶಿಸ್ತು ಎಂದು ಹೆಸರಿಟ್ಟು ಬೆನ್ನು ತಟ್ಟುತ್ತಿದ್ದಾರೆ. ಫಹ್ಮಿದಾಗೂ ಗೊತ್ತಿಲ್ಲ. ನೀನು ತಪ್ಪು ನಿನ್ನದೆಂದು ಕೊರಗುವುದನ್ನು ಕೇಳಿಯೂ ಮೂರು ವಾರ ಸುಮ್ಮನಿದ್ದೆ.

ಹೋಗಲಿ ಬಿಡು ಅನ್ನಬೇಡ. ಬೈದರೆ ಬೈ. ಆದರೆ ಅದಕ್ಕಿಂತ ಮೊದಲು ಒಂದು ಕೆಲಸ ಮಾಡಿಕೊಡು. ಹಲಗೆ ಜೋಡಿಸಿದಲ್ಲಿಂದ ನೀರು ಚಿಮುಕಿಸುವವರೆಗೆ ಏನೇನಾಯಿತು, ಬರೆದು ಕಳಿಸು. ಮಣ್ಣು ಒಣಗಿತ್ತೇ, ಹಸಿಯಿತ್ತೇ? ಬಲಗೈಯಲ್ಲಿ ಫೋನಿತ್ತು, ಎಡಗೈಯಲ್ಲಿ ಹಾಕಿದೆಯಾ? ಮೊದಲ ಹಿಡಿ ಎಲ್ಲಿ ಬಿತ್ತು? ಯಾರಾದರೂ ಏನಾದರೂ ಅಂದರೇ? ಕಾಗದದಲ್ಲೇ ಬರೆ, ಏಳು ವಾರ ಹಿಡಿದರೂ ಸರಿ. ಓದುವಾಗ ನಾನು ಬೇರೇನೂ ಮಾಡುವುದಿಲ್ಲ.